ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆ–ಪತಂಗ ಸಂಗ್ರಹದ ಚರಿತ್ರೆ: ಒಂದು ಜಾನಪದೀಯ ಅವಲೋಕನ

1. ಪ್ರಸ್ತಾವನೆ

ಕರ್ನಾಟಕದಲ್ಲಿ ಜಾನಪದ ಸಂಗ್ರಹಕಾರ್ಯವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಅಧಿಕಾರಿಗಳು ಮತ್ತು ಮಿಶನರಿಗಳಿಂದ ಒಂದು ಕ್ರಮಕ್ಕೆ ಬಂದಿತೆಂಬುದು ವಿದ್ವಾಂಸರಿಗೆ ತಿಳಿದ ವಿಷಯವಾಗಿದೆ. ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಅವರು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸತೊಡಗಿದರು. ಜೇಮ್ಸ್ ಕ್ಯಾಂಬೆಲ್ ಅವರ ಸಂಪಾದಕತ್ವದಲ್ಲಿ ಕೆನರಾ ಜಿಲ್ಲೆಯ ಗ್ಯಾಸೆಟಿಯರ್ 1883ರಲ್ಲಿ ಹೊರಬಂದಿತು. ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪ್ರಕಟವಾಯಿತು. ಹಾಡು, ಜಾತಿ, ಕುಲಾಚಾರ, ಪದ ಇವೆಲ್ಲವೂ ಹೀಗೆ ಒಂದೇ ದಶಕದ ಆಸುಪಾಸಿನಲ್ಲಿ ಸಂಗ್ರಹಕ್ಕೆ ಒಳಗಾದವು.

ಇದೇ ಕಾಲದಲ್ಲಿ, ಇದೇ ಪ್ರದೇಶದಲ್ಲಿ ನಡೆದ ಇನ್ನೊಂದು ಸಂಗ್ರಹ ಜಾನಪದ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಅದು ಚಿಟ್ಟೆ ಮತ್ತು ಪತಂಗಗಳ ಸಂಗ್ರಹ. ಕಾರವಾರವನ್ನು ಕೇಂದ್ರವಾಗಿ ಹೊಂದಿದ್ದ ಅಂದಿನ ಉತ್ತರ ಕೆನರಾ ಜಿಲ್ಲೆಯಲ್ಲಿ ಮೂವರು ಸರ್ಕಾರಿ ಅಧಿಕಾರಿಗಳು ಬಿಡುವಿನ ವೇಳೆಯ ಹವ್ಯಾಸವಾಗಿ ಕೈಗೊಂಡ ಈ ಕೆಲಸವು ಭಾರತದ ಕೀಟಶಾಸ್ತ್ರದ ಚರಿತ್ರೆಯಲ್ಲಿ ಮುಖ್ಯವಾದ ತಿರುವೊಂದನ್ನು ತಂದಿತು. ಸತ್ತ ಚಿಟ್ಟೆಯ ರೆಕ್ಕೆಯನ್ನು ನೋಡಿ ಹೆಸರಿಡುವ ಪದ್ಧತಿಯಿಂದ, ಬದುಕಿರುವ ಹುಳುವನ್ನು ಅದರ ಗಿಡದೊಡನೆ ಅರಿಯುವ ಪದ್ಧತಿಗೆ ಸಾಗಿದ ತಿರುವು ಅದು. ಈ ತಿರುವಿನಲ್ಲಿ ಸ್ಥಳೀಯರ ಸಸ್ಯಜ್ಞಾನಕ್ಕೆ ದೊರೆತ ಸ್ಥಾನವೇನು, ದೊರೆಯದ ಸ್ಥಾನವೇನು, ಅದರಿಂದ ಇಂದಿನ ಜಾನಪದ ಅಧ್ಯಯನ ಕಲಿಯಬೇಕಾದುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಕನ್ನಡ ಜನಪದರ ಪದಸಂಪತ್ತು

ಮೊದಲಿಗೆ ಕನ್ನಡದಲ್ಲಿ ಈ ಜೀವಿಗಳಿಗೆ ಇರುವ ಹೆಸರುಗಳನ್ನು ಗಮನಿಸುವುದು ಉಚಿತ. ದಕ್ಷಿಣದ ಜಿಲ್ಲೆಗಳಲ್ಲಿ ‘ಚಿಟ್ಟೆ’ ಎಂಬ ಪದ ಬಳಕೆಯಲ್ಲಿದ್ದರೆ ಉತ್ತರ ಕರ್ನಾಟಕದಲ್ಲಿ ‘ಪಾತರಗಿತ್ತಿ’ ಎಂಬ ಪದವಿದೆ. ‘ಪಾತರ’ ಎಂದರೆ ಪಾತ್ರ. ವೇಷ ಧರಿಸಿ ಕುಣಿಯುವವಳನ್ನು ‘ಪಾತರದವಳು’ ಎನ್ನುವ ರೂಢಿಯೊಂದಿಗೆ ಈ ಪದವನ್ನು ಹೊಂದಿಸಿ ನೋಡುವುದುಂಟು. ದ.ರಾ. ಬೇಂದ್ರೆಯವರ ಪ್ರಸಿದ್ಧ ಕವಿತೆಯಿಂದಾಗಿ ಈ ಪದ ನಾಡಿನಾದ್ಯಂತ ಪರಿಚಿತವಾಗಿದೆ. ರಾತ್ರಿ ಹಾರುವ ಜಾತಿಗಳಿಗೆ ‘ಪತಂಗ’, ‘ಹಾತೆ’, ‘ದೀಪದ ಹುಳು’ ಎಂಬ ಹೆಸರುಗಳಿವೆ. ಮೈತುಂಬ ರೋಮವಿರುವ ಮರಿಹುಳುವಿಗೆ ‘ಕಂಬಳಿಹುಳು’ ಎಂಬ ಹೆಸರು ಎಲ್ಲೆಡೆ ಇದೆ. ದೀಪಕ್ಕೆ ಎರಗಿ ಸುಟ್ಟುಹೋಗುವ ಪತಂಗವು ರೂಪದ ಮೋಹಕ್ಕೆ ನಿದರ್ಶನವಾಗಿ ಭಾರತೀಯ ನೀತಿಪರಂಪರೆಯಲ್ಲಿ ಜಿಂಕೆ, ಆನೆ, ಮೀನು, ದುಂಬಿಗಳ ಜೊತೆಗೆ ನಿಂತಿದೆ.

ಈ ಪಟ್ಟಿಯನ್ನು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಜನಪದರು ಒಂದೊಂದು ಬಗೆಯ ಚಿಟ್ಟೆಗೂ ಪ್ರತ್ಯೇಕ ಹೆಸರಿಡುವ ಗೋಜಿಗೆ ಹೆಚ್ಚಾಗಿ ಹೋಗಿಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳೂ 10,000ಕ್ಕೂ ಹೆಚ್ಚು ಬಗೆಯ ಪತಂಗಗಳೂ ಇವೆ. ಇವುಗಳ ಮುಂದೆ ಕನ್ನಡದ ಹತ್ತಾರು ಪದಗಳು ಅಲ್ಪವೆನಿಸುತ್ತವೆ. ಇದರಿಂದ ಜನಪದರಲ್ಲಿ ಸೂಕ್ಷ್ಮ ವೀಕ್ಷಣೆಯ ಕೊರತೆಯಿತ್ತು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಜನರು ತಮ್ಮ ಬದುಕಿಗೆ ಸಂಬಂಧಿಸಿದ ಕಡೆ ಹೆಸರಿಡುತ್ತಾರೆ. ಹಾಗೆ ಇಟ್ಟಲ್ಲಿ ಅತ್ಯಂತ ಸೂಕ್ಷ್ಮವಾಗಿಯೂ ಇಡುತ್ತಾರೆ.

ಇದಕ್ಕೆ ಹಳೆಯ ಮೈಸೂರು ಸೀಮೆಯ ರೇಷ್ಮೆ ಸಾಕಣೆಯೇ ಸಾಕ್ಷಿ. ರೇಷ್ಮೆಹುಳುವೂ ಒಂದು ಪತಂಗದ ಮರಿಹುಳುವೇ. ಅದರ ಬಾಲ್ಯಾವಸ್ಥೆಗೆ ‘ಚಾಕಿ’ ಎಂಬ ಹೆಸರಿದೆ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ಇರುವ ಸ್ಥಿತಿಯನ್ನು ರೈತರು ‘ಜ್ವರ’ ಎಂದು ಕರೆಯುತ್ತಾರೆ. ನಾಲ್ಕು ಜ್ವರಗಳನ್ನು ದಾಟಿ, ಮೇವು ಸಾಕಾಗಿ, ಮೈ ತಿಳಿಯಾದಾಗ ಹುಳು ‘ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾದ ಹುಳುವನ್ನು ಆರಿಸಿ ‘ಚಂದ್ರಿಕೆ’ಗೆ ಬಿಟ್ಟರೆ ಅದು ‘ಗೂಡು’ ಕಟ್ಟುತ್ತದೆ. ಕೀಟಶಾಸ್ತ್ರಜ್ಞರು ನಾಲ್ಕು ಪೊರೆ ಕಳಚುವಿಕೆ ಹಾಗೂ ಐದು ಹಂತಗಳೆಂದು ವಿವರಿಸುವ ಜೀವನಚಕ್ರವೇ ಇಲ್ಲಿ ರೋಗ ಮತ್ತು ಮಾಗುವಿಕೆಯ ರೂಪಕದಲ್ಲಿ ಸಂಪೂರ್ಣವಾಗಿ ಅಡಕವಾಗಿದೆ. ಜನಪದರ ಜ್ಞಾನವು ರೆಕ್ಕೆಯ ಬಣ್ಣದಲ್ಲಿ ನೆಲೆಗೊಳ್ಳದೆ ಹುಳು ಮತ್ತು ಎಲೆಯ ಸಂಬಂಧದಲ್ಲಿ ನೆಲೆಗೊಂಡಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮುಂದಿನ ಚರ್ಚೆಗೆ ಈ ಅಂಶ ಆಧಾರವಾಗಿದೆ.

3. ಹವ್ಯಾಸದ ಹಿನ್ನೆಲೆ

ಚಿಟ್ಟೆಗಳನ್ನು ಹಿಡಿದು, ಗುರುತಿಸಿ, ಜೋಡಿಸಿಡುವ ಹವ್ಯಾಸ ಯುರೋಪಿನಲ್ಲಿ ಬೆಳೆದುಬಂದುದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದರು. ದೊಡ್ಡ ಗಾತ್ರದ ಚಿಟ್ಟೆಗಳಿಗೆ ಅವರು ಟ್ರಾಯ್ ಯುದ್ಧದ ವೀರರ ಹೆಸರುಗಳನ್ನಿಟ್ಟರು. ಪಶ್ಚಿಮ ಘಟ್ಟದಲ್ಲಿ ಹಾರಾಡುವ ಮೂರು ಚಿಟ್ಟೆಗಳಿಗೆ ಹೆಕ್ಟರ್, ಹೆಲೆನಸ್, ಪಾಲಿಟೀಸ್ ಎಂಬ ಹೆಸರುಗಳು ಬಂದುದು ಹೀಗೆ. ಈ ಮೂವರೂ ಗ್ರೀಕ್ ಪುರಾಣದ ಪ್ರಕಾರ ಟ್ರಾಯ್ ನಗರದ ದೊರೆ ಪ್ರಿಯಮ್‌ನ ಮಕ್ಕಳು. ವಿಜ್ಞಾನದ ನಾಮಕರಣವೂ ಒಂದು ಜನಾಂಗದ ಪುರಾಣಸ್ಮೃತಿಯಿಂದಲೇ ಆರಂಭವಾಯಿತೆಂಬುದು ಜಾನಪದ ವಿದ್ಯಾರ್ಥಿಗೆ ಕುತೂಹಲಕರವಾದ ಸಂಗತಿ.

ಭಾರತದಲ್ಲಿ ಈ ಹವ್ಯಾಸವನ್ನು ಬೆಳೆಸಿದವರು ಸೇನೆ, ಅರಣ್ಯ, ಸುಂಕ, ಕಂದಾಯ ಇಲಾಖೆಗಳ ಆಂಗ್ಲ ಅಧಿಕಾರಿಗಳು. ಅವರ ಸಲಕರಣೆಗಳು ಸರಳವಾಗಿದ್ದವು: ಹಿಡಿಯುಳ್ಳ ಬಲೆ, ವಿಷದ ಸೀಸೆ, ತ್ರಿಕೋನಾಕಾರವಾಗಿ ಮಡಿಸಿದ ಕಾಗದದ ಪೊಟ್ಟಣ, ರೆಕ್ಕೆ ಹರಡುವ ಹಲಗೆ, ಸೂಜಿ ಮತ್ತು ಪೆಟ್ಟಿಗೆ. ಮಳೆಗಾಲದ ಬೂಷ್ಟು ಮತ್ತು ಇರುವೆಗಳು ಅವರ ಪ್ರಧಾನ ಶತ್ರುಗಳು. ಪ್ರತಿಯೊಂದು ಮಾದರಿಯ ಕೆಳಗೂ ಚಿಕ್ಕ ಚೀಟಿಯೊಂದರಲ್ಲಿ ಸ್ಥಳ, ದಿನಾಂಕ, ಹಿಡಿದವರ ಹೆಸರು ಬರೆದಿಡುವುದು ನಿಯಮ. ಚೀಟಿಯಿಲ್ಲದ ಚಿಟ್ಟೆ ಎಷ್ಟೇ ಸುಂದರವಾಗಿದ್ದರೂ ಶಾಸ್ತ್ರಕ್ಕೆ ನಿರುಪಯುಕ್ತ. ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಹೆಸರು, ಊರು, ದಿನಾಂಕಗಳಿಲ್ಲದ ಧ್ವನಿಸುರುಳಿಯ ಗತಿಯೂ ಇದೇ ಆಗಿದೆ.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಜನ ಸೇರಿ ‘ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ’ಯನ್ನು ಸ್ಥಾಪಿಸಿದರು. ಅವರಲ್ಲಿ ಡಾ. ಆತ್ಮಾರಾಮ್ ಪಾಂಡುರಂಗ ಮತ್ತು ಡಾ. ಸಖಾರಾಮ್ ಅರ್ಜುನ್ ಎಂಬ ಇಬ್ಬರು ಭಾರತೀಯರಿದ್ದರು. 1886ರಲ್ಲಿ ಆರಂಭವಾದ ಸಂಸ್ಥೆಯ ಪತ್ರಿಕೆ ದೂರದೂರದ ಠಾಣೆಗಳಲ್ಲಿ ಒಂಟಿಯಾಗಿದ್ದ ಹವ್ಯಾಸಿಗಳನ್ನು ಒಂದು ಸಮುದಾಯವನ್ನಾಗಿ ಬೆಸೆಯಿತು. ಅದೇ ಹೊತ್ತಿಗೆ ಮಾರ್ಷಲ್ ಮತ್ತು ಡಿ ನೀಸ್‌ವಿಲ್ ಅವರು ಆರಂಭಿಸಿದ ಭಾರತ, ಬರ್ಮಾ, ಸಿಲೋನ್ ಚಿಟ್ಟೆಗಳ ಗ್ರಂಥ 1882ರಿಂದ 1890ರವರೆಗೆ ಮೂರು ಸಂಪುಟಗಳಲ್ಲಿ ಬಂದಿತು. ಜಾರ್ಜ್ ಹ್ಯಾಂಪ್ಸನ್ ಅವರು ಪತಂಗಗಳನ್ನು ಕುರಿತು 1892ರಿಂದ 1896ರವರೆಗೆ ನಾಲ್ಕು ಸಂಪುಟಗಳನ್ನು ಹೊರತಂದರು. ಇವು ಬಹುಮಟ್ಟಿಗೆ ಸಂಗ್ರಹಾಲಯದ ಪೆಟ್ಟಿಗೆಗಳಲ್ಲಿದ್ದ ಒಣ ಮಾದರಿಗಳನ್ನು ಆಧರಿಸಿದ ವರ್ಣನೆಗಳಾಗಿದ್ದವು.

4. ಕಾರವಾರದ ಮೂವರು ಹವ್ಯಾಸಿಗಳು

ಉತ್ತರ ಕೆನರಾ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾವಣೆಗೊಂಡಿತು. ಕಡಲತೀರದಿಂದ ಘಟ್ಟದ ಮೇಲಿನವರೆಗೆ ಚಾಚಿಕೊಂಡಿದ್ದ ಇಲ್ಲಿನ ದಟ್ಟವಾದ ಕಾಡು ಆಡಳಿತಕ್ಕೆ ತೇಗದ ಆದಾಯವನ್ನು ತರುವ ಸಂಪತ್ತಾಗಿತ್ತು. ಈ ಜಿಲ್ಲೆಯಲ್ಲಿ ಸೇವೆ ಸಲ್ಲಿಸಿದ ಮೂವರು ಅಧಿಕಾರಿಗಳು ಚಿಟ್ಟೆಗಳ ವಿಷಯದಲ್ಲಿ ಒಂದಾದರು. ಜೇಮ್ಸ್ ಡೇವಿಡ್‌ಸನ್ (1849–1925) ಜಿಲ್ಲೆಯ ಕಲೆಕ್ಟರ್ ಆಗಿದ್ದರು, ಪಕ್ಷಿಗಳಲ್ಲಿಯೂ ಪರಿಣತರು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ (1851–1909) ಸಾತಾರೆಯಲ್ಲಿ ಹುಟ್ಟಿದವರು, ಉಪ್ಪು ಮತ್ತು ಸುಂಕ ಇಲಾಖೆಯ ಅಧಿಕಾರಿ, ಮೇಲೆ ಹೇಳಿದ ಸೊಸೈಟಿಯ ಸ್ಥಾಪಕರಲ್ಲೊಬ್ಬರು ಮತ್ತು ಅದರ ಮೊದಲ ಕಾರ್ಯದರ್ಶಿ. ಐರ್ಲೆಂಡಿನವರಾದ ಥಾಮಸ್ ರೀಡ್ ಡೇವಿಸ್ ಬೆಲ್ (1863–1948) ಅರಣ್ಯ ಇಲಾಖೆಯವರು. ಅವರು 1920ರಲ್ಲಿ ನಿವೃತ್ತರಾದ ಮೇಲೆ ಸ್ವದೇಶಕ್ಕೆ ಹಿಂತಿರುಗದೆ ಕಾರವಾರದಲ್ಲಿಯೇ ನೆಲೆಸಿ ಅಲ್ಲಿಯೇ ಕೊನೆಯುಸಿರೆಳೆದರು.

ಏಟ್ಕನ್ ಅವರು ಈ ಕೆಲಸಕ್ಕೆ ಬರುವ ಮೊದಲೇ ಲೇಖಕರಾಗಿ ಪ್ರಸಿದ್ಧರಾಗಿದ್ದರು. 1883ರಲ್ಲಿ ಪ್ರಕಟವಾದ ‘ದಿ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಎಂಬ ಅವರ ಹಾಸ್ಯಕೃತಿಯ ಹೆಸರೇ ಗಮನಾರ್ಹ. ಬಂಗಲೆಯ ಸುತ್ತಲಿನ ಇಲಿ, ಹಲ್ಲಿ, ಇರುವೆ, ಕಾಗೆಗಳನ್ನು ಅವರು ಗಡಿನಾಡಿನ ಬುಡಕಟ್ಟುಗಳೆಂದು ಕಲ್ಪಿಸುತ್ತಾರೆ. ತಮ್ಮ ವರ್ತನೆಯನ್ನು ವಿದೇಶಾಂಗ ನೀತಿಯೆಂದು ಕರೆಯುತ್ತಾರೆ. ಅದು ವಿನೋದವೇ ಆದರೂ, ಜನರನ್ನು ಬುಡಕಟ್ಟುಗಳಾಗಿ ಎಣಿಸಿ ವಿಂಗಡಿಸುತ್ತಿದ್ದ ಆಡಳಿತದ ಭಾಷೆಯೇ ಕೀಟಗಳಿಗೂ ಅನ್ವಯವಾದುದನ್ನು ಇಲ್ಲಿ ಕಾಣಬಹುದು. ಅದೇ ಪುಸ್ತಕದಲ್ಲಿ ಚಿಟ್ಟೆಯನ್ನು ಕುರಿತು ಎರಡು ಅಧ್ಯಾಯಗಳಿವೆ. ಒಂದು ಚಿಟ್ಟೆಯನ್ನು ಬೇಟೆಯಾಡುವುದನ್ನು ಕುರಿತದ್ದು, ಮತ್ತೊಂದು ಅದನ್ನು ಕುಳಿತು ಪರಿಭಾವಿಸುವುದನ್ನು ಕುರಿತದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಸಾಗುವುದೇ ಕಾರವಾರದ ಕೆಲಸದ ಸಾರವಾಯಿತು.

1890ರಲ್ಲಿ ಡೇವಿಡ್‌ಸನ್ ಮತ್ತು ಏಟ್ಕನ್ ಅವರು ಸೊಸೈಟಿಯ ಪತ್ರಿಕೆಯಲ್ಲಿ ಮುಂಬಯಿ ಪ್ರಾಂತದ ಕೆಲವು ಚಿಟ್ಟೆಗಳ ಮರಿಹುಳು ಮತ್ತು ಕೋಶಗಳನ್ನು ಕುರಿತು ದೀರ್ಘವಾದ ಲೇಖನವನ್ನು ಪ್ರಕಟಿಸಿದರು. ಬೆಲ್ ಅವರೂ ಸೇರಿದ ಮೇಲೆ 1896–97ರಲ್ಲಿ ಉತ್ತರ ಕೆನರಾ ಜಿಲ್ಲೆಯ ಚಿಟ್ಟೆಗಳನ್ನು ಕುರಿತ ಲೇಖನಮಾಲೆ ಅದೇ ಪತ್ರಿಕೆಯಲ್ಲಿ ಕಂತುಗಳಾಗಿ ಬಂದಿತು. ಹಾರುವ ಚಿಟ್ಟೆಯನ್ನು ಬಲೆಯಿಂದ ಹಿಡಿಯುವುದಕ್ಕಿಂತ, ಮೊಟ್ಟೆ ಮತ್ತು ಮರಿಹುಳುಗಳನ್ನು ಗಿಡದ ಮೇಲೆ ಹುಡುಕಿ, ತಂದು, ಅದೇ ಗಿಡದ ಎಲೆ ಕೊಟ್ಟು ಸಾಕಿ, ಕೋಶದಿಂದ ಹೊರಬರುವ ಚಿಟ್ಟೆ ಯಾವುದೆಂದು ನೋಡುವುದು ಅವರ ವಿಧಾನ. ಹುಳುವಿನ ಬಣ್ಣ, ರೋಮ, ಕೊಂಬು, ಕೋಶ ತೂಗುವ ರೀತಿ, ತಿನ್ನುವ ಗಿಡ ಎಲ್ಲವೂ ದಾಖಲೆಯಾದವು. ಈ ಕೆಲಸವನ್ನು ಬೆಲ್ ಅವರು ಜೀವನವಿಡೀ ಮುಂದುವರಿಸಿದರು. ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಅವರ ಲೇಖನಮಾಲೆ 1909ರಿಂದ 1927ರವರೆಗೆ ನಡೆಯಿತು. ಗಿಡುಗನಂತೆ ವೇಗವಾಗಿ ಹಾರುವ ಸ್ಫಿಂಜಿಡೆ ಕುಟುಂಬದ ಪತಂಗಗಳನ್ನು ಕುರಿತು ಅವರು ಎಫ್.ಬಿ. ಸ್ಕಾಟ್ ಅವರೊಡನೆ ರಚಿಸಿದ ಸಂಪುಟ 1937ರಲ್ಲಿ ಹೊರಬಂದಿತು.

5. ಎಲೆಯ ಮೂಲಕ ಗುರುತು

ಈ ವಿಧಾನದ ಮಹತ್ವವನ್ನು ತಿಳಿಯಲು ಕೆಲವು ಉದಾಹರಣೆಗಳನ್ನು ನೋಡಬಹುದು. ಪಾಲಿಟೀಸ್ ಎಂಬ ಚಿಟ್ಟೆಯ ಗಂಡು ಕಪ್ಪುಬಣ್ಣದ್ದು, ರೆಕ್ಕೆಯ ಮೇಲೆ ಬಿಳಿಯ ಮಚ್ಚೆಗಳ ಸಾಲಿದೆ. ಅದರ ಹೆಣ್ಣು ಮಾತ್ರ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಗಂಡಿನಂತೆಯೇ ಇದ್ದರೆ, ಇನ್ನೆರಡು ಬೇರೆ ಎರಡು ಜಾತಿಯ ಚಿಟ್ಟೆಗಳ ವೇಷವನ್ನು ಧರಿಸುತ್ತವೆ. ಅವುಗಳಲ್ಲಿ ಒಂದು ಕಡುಗೆಂಪು ಮೈಯ ಹೆಕ್ಟರ್ ಚಿಟ್ಟೆಯ ವೇಷ. ರೆಕ್ಕೆಯನ್ನಷ್ಟೇ ನೋಡುವವನು ಇವನ್ನು ಬೇರೆ ಬೇರೆ ಜಾತಿಗಳೆಂದು ಭಾವಿಸುವುದು ಸಹಜ. ಆದರೆ ಕರಿಬೇವು ಅಥವಾ ನಿಂಬೆಯ ಗಿಡದಲ್ಲಿ ಸಿಕ್ಕ ಮರಿಹುಳುಗಳನ್ನು ಸಾಕಿದರೆ ಈ ಎಲ್ಲ ರೂಪಗಳೂ ಒಂದೇ ಬಗೆಯ ಹುಳುವಿನಿಂದ ಹೊರಬರುತ್ತವೆ. ಹೆಕ್ಟರ್ ಚಿಟ್ಟೆಯ ಮರಿಹುಳುವಾದರೋ ಈಶ್ವರಿ ಬಳ್ಳಿಯನ್ನು ತಿನ್ನುತ್ತದೆ. ಆ ಬಳ್ಳಿಯ ವಿಷ ಚಿಟ್ಟೆಯ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ವಿಷವಿಲ್ಲದ ಪಾಲಿಟೀಸ್ ಹೆಣ್ಣು ಆ ವೇಷದ ಆಶ್ರಯದಲ್ಲಿ ಬದುಕುತ್ತದೆ.

ಈಶ್ವರಿ ಬಳ್ಳಿ ನಾಟಿವೈದ್ಯಕ್ಕೂ ಪರಿಚಿತವಾದುದು. ಅದರ ಬೇರು ಹಾವಿನ ವಿಷಕ್ಕೆ ಮದ್ದು ಎಂಬ ನಂಬಿಕೆ ನಾಡಿನ ಹಲವು ಕಡೆ ಇದೆ. ಇಂದಿನ ವೈದ್ಯವಿಜ್ಞಾನವು ಅದರಲ್ಲಿರುವ ಆಮ್ಲ ಮೂತ್ರಪಿಂಡಕ್ಕೆ ಅಪಾಯಕಾರಿಯೆಂದು ತೋರಿಸಿಕೊಟ್ಟಿದೆ. ಹಾವಿನ ವಿಷದೊಡನೆ ಹೆಣೆದುಕೊಂಡ ಜನಪದ ನಂಬಿಕೆ, ಹಕ್ಕಿಯನ್ನು ದೂರವಿಡುವ ಚಿಟ್ಟೆಯ ರಕ್ಷಣೆ ಎರಡೂ ಒಂದೇ ಬಳ್ಳಿಯ ಸುತ್ತ ನೆಲೆಗೊಂಡಿವೆ. ಕರ್ನಾಟಕವು ರಾಜ್ಯದ ಚಿಟ್ಟೆಯಾಗಿ ಆರಿಸಿಕೊಂಡಿರುವ ‘ಸದರ್ನ್ ಬರ್ಡ್‌ವಿಂಗ್’ ಕೂಡ ಇದೇ ಬಳ್ಳಿಯನ್ನು ಅವಲಂಬಿಸಿದೆ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ ಇದರ 190 ಮಿಲಿಮೀಟರ್ ರೆಕ್ಕೆಯಗಲವು 2020ರವರೆಗೆ ಭಾರತದ ಅತಿ ದೊಡ್ಡ ಚಿಟ್ಟೆಯ ಅಳತೆಯಾಗಿ ಉಳಿದಿತ್ತು. ಬಳ್ಳಿ ಕಿತ್ತರೆ ಚಿಟ್ಟೆಯಿಲ್ಲ.

ಇತರ ಉದಾಹರಣೆಗಳೂ ಇಂಥವೇ. ಎಕ್ಕದ ಗಿಡ, ಕಣಗಿಲೆ, ಕಕ್ಕೆ, ಹರಳು, ಮಾವು, ಬೈನೆ, ಬಿದಿರು, ಭತ್ತ ಇವು ಒಂದೊಂದೂ ಬೇರೆ ಬೇರೆ ಚಿಟ್ಟೆಗಳ ತವರು. ಮಾವು, ಹಲಸುಗಳ ಕೊಂಬೆಗಳ ಮೇಲೆ ಬೆಳೆಯುವ ಬಂದಳಿಕೆಯನ್ನು ರೈತರು ಶತ್ರುವೆಂದು ಕಡಿಯುತ್ತಾರೆ. ಬಿಳಿ, ಹಳದಿ, ಕೆಂಪು ಬಣ್ಣಗಳ ‘ಜೆಜೆಬೆಲ್’ ಚಿಟ್ಟೆಗೆ ಅದೇ ಆಹಾರ. ಮಲೆನಾಡಿನಲ್ಲಿ ಚಟ್ನಿಗೆ ಬಳಸುವ ಚಗಳಿ ಇರುವೆಯ ಎಲೆಗೂಡಿನೊಳಗೆ ಇರುವೆಯ ಮರಿಗಳನ್ನೇ ತಿಂದು ಬೆಳೆಯುವ ಮರಿಹುಳುವೊಂದಿದೆ. ಬೆಲ್ ಅವರು ನೀಲಿ ಚಿಟ್ಟೆಗಳ ಕುಟುಂಬವನ್ನು ವಿವರಿಸುವಾಗ ಗಿಡದ ಜೊತೆಗೆ ಇರುವೆಯ ಜಾತಿಯನ್ನೂ ಗಮನಿಸಿದುದು ಇಂಥ ಸಂಬಂಧಗಳ ಕಾರಣದಿಂದಲೇ.

ಇಲ್ಲಿ ಮೂಲಭೂತವಾದ ಪ್ರಶ್ನೆಯೊಂದು ಏಳುತ್ತದೆ. ಮರಿಹುಳುವನ್ನು ಹುಡುಕಬೇಕಾದರೆ ಮೊದಲು ಗಿಡ ಗೊತ್ತಿರಬೇಕು. ಯಾವ ಬಳ್ಳಿ ಯಾವ ಹಳ್ಳದ ಬದಿಗೆ ಬೆಳೆಯುತ್ತದೆ, ಯಾವ ಮರ ಯಾವ ತಿಂಗಳಲ್ಲಿ ಚಿಗುರುತ್ತದೆ ಎಂಬುದನ್ನು ಬಲ್ಲವರು ಯಾರು? ಜಿಲ್ಲೆಯ ಹಾಲಕ್ಕಿ ಒಕ್ಕಲಿಗರು, ಕುಣಬಿಯರು, ಗೌಳಿಗಳು, ಸಿದ್ದಿಯರು, ಮುಕ್ರಿಯರು ಈ ಕಾಡಿನಲ್ಲಿ ಸೊಪ್ಪು, ಸೌದೆ, ಜೇನು, ಮದ್ದಿನ ಬೇರುಗಳನ್ನು ಅರಸಿ ಬದುಕಿದವರು. ಅರಣ್ಯ ಇಲಾಖೆಯ ಕೆಳಹಂತದ ಕೆಲಸವೂ ಇಂಥವರ ಶ್ರಮದಿಂದಲೇ ನಡೆಯುತ್ತಿತ್ತು. ಅದೇ ಕಾಡುಗಳಲ್ಲಿ ಕೆಲಸ ಮಾಡಿದ ಅರಣ್ಯಾಧಿಕಾರಿ ಡಬ್ಲ್ಯು.ಎ. ಟಾಲ್ಬಟ್ ಅವರು 1909–11ರಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತದ ಅರಣ್ಯಸಸ್ಯಗಳ ಗ್ರಂಥದಲ್ಲಿ ಮರಗಿಡಗಳ ದೇಶೀಯ ಹೆಸರುಗಳನ್ನೂ ಕೊಟ್ಟಿದ್ದಾರೆ. ಹೆಸರು ಹೇಳಿದವರಿಲ್ಲದೆ ಹೆಸರು ಪುಸ್ತಕಕ್ಕೆ ಬರುವುದಿಲ್ಲ. ಗಿಡದ ಹೆಸರು ದಾಖಲೆಯಾಗಿ ಉಳಿಯಿತು. ಅದನ್ನು ತಿಳಿಸಿದವರ ಹೆಸರು ಶಾಸ್ತ್ರದ ಚೀಟಿಯಲ್ಲಿ ಬರೆಯುವ ಪದ್ಧತಿಯೇ ಇರಲಿಲ್ಲ. ಆ ಚೀಟಿಯಲ್ಲಿ ಜಾಗವಿದ್ದುದು ಹಿಡಿದವನ ಹೆಸರಿಗೆ ಮಾತ್ರ.

6. ನಾಮಕರಣ ಮತ್ತು ಅಧಿಕಾರ

ಚಿಟ್ಟೆಗಳ ಇಂಗ್ಲಿಷ್ ಹೆಸರುಗಳನ್ನು ಪರಿಶೀಲಿಸಿದರೆ ಇನ್ನೊಂದು ಅಂಶ ಬೆಳಕಿಗೆ ಬರುತ್ತದೆ. ಲ್ಯಾಟಿನ್ ಹೆಸರುಗಳನ್ನು ನೆನಪಿಡಲಾರದ ಹವ್ಯಾಸಿಗಳಿಗಾಗಿ ಇಂಗ್ಲಿಷ್ ಹೆಸರುಗಳು ಹುಟ್ಟಿಕೊಂಡವು. ಸೇನಾಧಿಕಾರಿಯಾಗಿದ್ದ ಡಬ್ಲ್ಯು.ಎಚ್. ಇವಾನ್ಸ್ ಅವರ ‘ದಿ ಐಡೆಂಟಿಫಿಕೇಶನ್ ಆಫ್ ಇಂಡಿಯನ್ ಬಟರ್‌ಫ್ಲೈಸ್’ (1927) ಎಂಬ ಕೃತಿಯ ಮೂಲಕ ಅವು ಸ್ಥಿರಗೊಂಡವು. ರಾಜ, ನವಾಬ, ಕಮಾಂಡರ್, ಸಾರ್ಜೆಂಟ್, ಲಸ್ಕರ್, ಬ್ಯಾರನ್, ಅರ್ಲ್, ಡ್ಯೂಕ್, ಬೇಗಂ ಮುಂತಾದ ಹೆಸರುಗಳು ಆ ಕಾಲದ ಪದವಿಶ್ರೇಣಿಯನ್ನು ಹಾಗೆಯೇ ಕಾಡಿಗೆ ಕೊಂಡೊಯ್ದವು. ಮೇಲೆ ಹೇಳಿದ ಪಾಲಿಟೀಸ್ ಚಿಟ್ಟೆಗೆ ‘ಮಾರ್ಮನ್’ ಎಂಬ ಹೆಸರು ಬಂದುದು ಅದರ ಹಲವು ರೂಪದ ಹೆಣ್ಣುಗಳಿಂದಾಗಿ, ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಪಂಗಡವೊಂದನ್ನು ನೆನೆದು ಎಂಬ ವಿವರಣೆ ಪ್ರಚಲಿತವಾಗಿದೆ. ಲಿನೇಯಸ್ ಅವರ ಗ್ರೀಕ್ ವೀರರ ಜಾಗದಲ್ಲಿ ಇಲ್ಲಿ ದರ್ಬಾರು ಮತ್ತು ದಂಡು ಬಂದು ನಿಂತಿವೆ.

ಇಂದು ಕನ್ನಡದಲ್ಲಿ ಚಿಟ್ಟೆಗಳಿಗೆ ಹೆಸರಿಡುವ ಉತ್ಸಾಹ ಕಂಡುಬರುತ್ತಿದೆ. ಇದು ಸ್ವಾಗತಾರ್ಹವಾದುದು. ಆದರೆ ಇಂಗ್ಲಿಷ್ ಹೆಸರುಗಳನ್ನು ಪದಶಃ ಅನುವಾದಿಸುವುದರಿಂದ ಆ ಪದವಿಶ್ರೇಣಿ ಕನ್ನಡದ ಉಡುಪು ತೊಟ್ಟು ಮುಂದುವರಿಯುತ್ತದೆಯೇ ಹೊರತು ನಮ್ಮ ಜ್ಞಾನ ಮುಂದೆ ಬರುವುದಿಲ್ಲ. ರೇಷ್ಮೆ ರೈತರ ಪದಸಂಪತ್ತು ಬೇರೆ ದಾರಿಯೊಂದನ್ನು ತೋರಿಸುತ್ತದೆ. ಹುಳು ತಿನ್ನುವ ಗಿಡದಿಂದಲೇ ಹೆಸರಿಟ್ಟರೆ ‘ಎಕ್ಕದ ಚಿಟ್ಟೆ’, ‘ಕರಿಬೇವಿನ ಚಿಟ್ಟೆ’, ‘ಬಂದಳಿಕೆ ಚಿಟ್ಟೆ’ ಎಂಬ ಹೆಸರುಗಳು ಹಳ್ಳಿಯ ಮಗುವಿಗೂ ಅರ್ಥವಾಗುತ್ತವೆ. ಚಿಟ್ಟೆಯನ್ನು ಎಲ್ಲಿ ಹುಡುಕಬೇಕು, ಏನನ್ನು ಉಳಿಸಬೇಕು ಎಂಬುದನ್ನೂ ಹೇಳುತ್ತವೆ. ಒಂದೇ ಗಿಡಕ್ಕೆ ಹಲವು ಚಿಟ್ಟೆಗಳು ಬರುವಲ್ಲಿ ಬಣ್ಣ, ಆಕಾರಗಳ ವಿಶೇಷಣವನ್ನು ಸೇರಿಸಬಹುದು. ಹೊಸ ಹೆಸರು ಕಟ್ಟುವ ಮೊದಲು ಆಯಾ ಊರಿನಲ್ಲಿ ಈಗಾಗಲೇ ಬಳಕೆಯಲ್ಲಿರುವ ಹೆಸರನ್ನು ವಿಚಾರಿಸುವುದು ಅಗತ್ಯ.

7. ಎರಡು ಅಧ್ಯಯನಗಳ ಸಮಾನ ಹಾದಿ

ಚಿಟ್ಟೆಯ ಅಧ್ಯಯನ ಮತ್ತು ಜಾನಪದ ಅಧ್ಯಯನಗಳು ನಡೆದುಬಂದ ಹಾದಿಯಲ್ಲಿ ಗಮನಾರ್ಹವಾದ ಸಾಮ್ಯವಿದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕಥಾವರ್ಗಗಳ ಸೂಚಿಯನ್ನು ಸಿದ್ಧಪಡಿಸಿದರು. ಸ್ಟಿತ್ ಥಾಂಪ್ಸನ್ ಅದನ್ನು 1928ರಲ್ಲಿಯೂ 1961ರಲ್ಲಿಯೂ ವಿಸ್ತರಿಸಿದರು. ಪ್ರತಿಯೊಂದು ಕಥೆಗೂ ಒಂದು ಸಂಖ್ಯೆ, ಒಂದು ಮನೆ ಸಿದ್ಧವಾಯಿತು. ಇದು ಸಂಗ್ರಹಾಲಯದ ಪೆಟ್ಟಿಗೆಯ ಕ್ರಮವನ್ನೇ ಹೋಲುತ್ತದೆ. ಸ್ವೀಡನ್ನಿನ ಕಾರ್ಲ್ ಫಾನ್ ಸಿಡೋವ್ ಅವರು ಕಥೆಯೊಂದು ಒಂದು ನೆಲದಲ್ಲಿ ಬೇರೂರಿ ಆ ನೆಲದ ಗುಣವನ್ನು ಪಡೆಯುವುದನ್ನು ವಿವರಿಸಲು ‘ಆಯ್ಕೋಟೈಪ್’ ಎಂಬ ಪರಿಕಲ್ಪನೆಯನ್ನು ಸಸ್ಯಶಾಸ್ತ್ರದಿಂದಲೇ ಎರವಲು ತಂದರು. 1964ರಲ್ಲಿ ಅಲನ್ ಡಂಡೆಸ್ ಅವರು ಪಠ್ಯದೊಡನೆ ಅದರ ಹೆಣಿಗೆ ಮತ್ತು ಸಂದರ್ಭಗಳನ್ನೂ ದಾಖಲಿಸಬೇಕೆಂದು ವಾದಿಸಿದರು. ಹಾಡನ್ನು ಹಾಡುವ ಹೊತ್ತು, ಕೆಲಸ, ಕೇಳುಗರಿಂದ ಬೇರ್ಪಡಿಸಿದರೆ ಅದು ಸೂಜಿಗೆ ಚುಚ್ಚಿದ ಚಿಟ್ಟೆಯಂತೆ ಆಗುತ್ತದೆ ಎಂಬ ಅರಿವು ಆಗ ಬಲವಾಯಿತು.

ಕಾರವಾರದ ಹವ್ಯಾಸಿಗಳು ಇದೇ ಬಗೆಯ ಹೆಜ್ಜೆಯನ್ನು 1890ರಲ್ಲಿಯೇ ಇಟ್ಟಿದ್ದರು. ಅವರ ಪಾಲಿಗೆ ಗಿಡವೇ ಸಂದರ್ಭ. ಆದರೆ ಅವರ ಸಂದರ್ಭದಲ್ಲಿ ಗಿಡ, ಇರುವೆ, ಋತುಗಳಿಗೆ ದೊರೆತ ಜಾಗ ಗಿಡವನ್ನು ಬಲ್ಲ ಮನುಷ್ಯನಿಗೆ ದೊರೆಯಲಿಲ್ಲ. ನಮ್ಮ ಶಿಸ್ತಿನಲ್ಲಿ ಇದರ ವಿರುದ್ಧ ದಿಕ್ಕಿನ ಕೊರತೆಯಿದೆ. ಉತ್ತರ ಕನ್ನಡದ ಜಾನಪದವನ್ನು ಡಾ. ಎಲ್.ಆರ್. ಹೆಗಡೆ, ಡಾ. ಎನ್.ಆರ್. ನಾಯಕ ಮೊದಲಾದವರು ಶ್ರಮವಹಿಸಿ ಸಂಗ್ರಹಿಸಿದ್ದಾರೆ. ಹಾಡು, ಕಥೆ, ಆಚರಣೆಗಳ ಸಂಪತ್ತು ಅದರಿಂದ ಉಳಿದಿದೆ. ಜನರ ಕೀಟಜ್ಞಾನ ಮತ್ತು ಸಸ್ಯಜ್ಞಾನಗಳನ್ನು ಅಷ್ಟೇ ವ್ಯವಸ್ಥಿತವಾಗಿ ದಾಖಲಿಸುವ ಕೆಲಸವನ್ನು ಜಾನಪದವು ಬಹುತೇಕ ಸಸ್ಯಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದೆ. ಅವರು ಗಿಡವನ್ನು ನೋಡಿದರು, ನಾವು ಹಾಡನ್ನು ಕೇಳಿದೆವು. ಗಿಡವನ್ನು ಹಾಡಿನಲ್ಲಿಯೂ ಬಾಳಿನಲ್ಲಿಯೂ ಹೊತ್ತ ವ್ಯಕ್ತಿ ಎರಡು ಶಾಸ್ತ್ರಗಳ ನಡುವೆ ಉಳಿದುಬಿಟ್ಟರು.

8. ಇಂದಿನ ಸನ್ನಿವೇಶ

ಬಲೆ ಹಿಡಿದು ಚಿಟ್ಟೆ ಸಂಗ್ರಹಿಸುವ ಹವ್ಯಾಸದ ಕಾಲ ಭಾರತದಲ್ಲಿ ಬಹುಮಟ್ಟಿಗೆ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳಿಗೆ ರಕ್ಷಣೆ ದೊರೆತಿದೆ. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಗಳು ಪರಿಷ್ಕೃತವಾಗಿವೆ. ಬಲೆಯ ಜಾಗಕ್ಕೆ ಕ್ಯಾಮೆರಾ ಬಂದಿದೆ. ವಿಂಟರ್ ಬ್ಲೈತ್ ಅವರ 1957ರ ಕೃತಿಯ ನಂತರ ಬಹುಕಾಲ ಹೊಸ ಕೈಪಿಡಿಗಳು ವಿರಳವಾಗಿದ್ದವು. 2000ದಲ್ಲಿ ಕೃಷ್ಣಮೇಘ ಕುಂಟೆಯವರ ಪರ್ಯಾಯ ದ್ವೀಪದ ಚಿಟ್ಟೆಗಳನ್ನು ಕುರಿತ ಕೃತಿ, 2008ರಲ್ಲಿ ಐಸಾಕ್ ಕೆಹಿಮ್ಕರ್ ಅವರ ಕೃತಿ ಬಂದ ಮೇಲೆ ಹವ್ಯಾಸಕ್ಕೆ ಹೊಸ ಜೀವ ಬಂದಿತು. 2006ರಲ್ಲಿ ಬನ್ನೇರುಘಟ್ಟದಲ್ಲಿ ಚಿಟ್ಟೆ ಉದ್ಯಾನ ಆರಂಭವಾಯಿತು. ಬಿಳಿಯ ಬಟ್ಟೆ ಕಟ್ಟಿ ದೀಪ ಹಚ್ಚಿ ರಾತ್ರಿ ಪತಂಗಗಳನ್ನು ಗುರುತಿಸುವ ಯುವಕರ ತಂಡಗಳು ಇಂದು ಮಲೆನಾಡಿನಲ್ಲಿಯೂ ಇವೆ.

ಇದೇ ಅವಧಿಯಲ್ಲಿ ಬೆಲ್ ಅವರು ಕಂಡ ಕಾಡು ಬದಲಾಗಿದೆ. ಕಾಳಿ ನದಿಯ ಅಣೆಕಟ್ಟೆಗಳು, ಸೂಪಾ ಊರನ್ನು ಮುಳುಗಿಸಿದ ಹಿನ್ನೀರು, ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ ಇವು ಜಿಲ್ಲೆಯ ಭೂದೃಶ್ಯವನ್ನು ಮಾರ್ಪಡಿಸಿವೆ. 2007ರಲ್ಲಿ ಅಣಶಿ–ದಾಂಡೇಲಿ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಯಾವ ಚಿಟ್ಟೆ ಉಳಿದಿದೆ, ಯಾವುದು ವಿರಳವಾಗಿದೆ ಎಂದು ಹೇಳಬೇಕಾದರೆ 1896–97ರ ಲೇಖನಮಾಲೆಯೇ ಅಳತೆಗೋಲು. ಹವ್ಯಾಸಿಗಳ ದಾಖಲೆ ಶತಮಾನದ ನಂತರ ಚರಿತ್ರೆಯ ಆಕರವಾಗುವುದಕ್ಕೆ ಇದೊಂದು ನಿದರ್ಶನ.

ಜ್ಞಾನದ ಒಡೆತನದ ಪ್ರಶ್ನೆಗೂ ಈಗ ಕಾನೂನಿನ ನೆಲೆಯೊಂದು ದೊರೆತಿದೆ. 2002ರ ಜೀವವೈವಿಧ್ಯ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳು ರಚನೆಯಾಗಿ ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸಬೇಕು. ಸ್ಥಳೀಯ ಜೀವಿಗಳು, ಅವುಗಳ ಬಳಕೆ, ಅವುಗಳಿಗೆ ಸಂಬಂಧಿಸಿದ ಪಾರಂಪರಿಕ ಜ್ಞಾನ ಇವೆಲ್ಲ ಅಲ್ಲಿ ದಾಖಲಾಗಬೇಕಾದವು. ಇದು ಜಾನಪದ ವಿದ್ವಾಂಸರು ಭಾಗವಹಿಸಬೇಕಾದ ಕ್ಷೇತ್ರ. ಹೆಸರನ್ನು ಹೇಳಿಸಿಕೊಳ್ಳುವ, ಹೇಳಿದವರ ಮಾತನ್ನು ಅವರ ಆಡುಭಾಷೆಯಲ್ಲಿಯೇ ಉಳಿಸಿಕೊಳ್ಳುವ ತರಬೇತಿ ಇರುವುದು ನಮ್ಮಲ್ಲಿ.

ಅಂಕೋಲಾ ತಾಲೂಕಿನ ಇಬ್ಬರು ಹಾಲಕ್ಕಿ ಮಹಿಳೆಯರನ್ನು ಇಲ್ಲಿ ನೆನೆಯುವುದು ಉಚಿತವೆನಿಸುತ್ತದೆ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಬೀಜಕ್ಕೆ ತಕ್ಕ ತಾಯಿಮರವನ್ನು ಗುರುತಿಸುವುದರಲ್ಲಿ ಅಸಾಧಾರಣರೆನಿಸಿದ್ದ ತುಳಸಿ ಗೌಡ ಅವರಿಗೆ 2020ನೆಯ ಸಾಲಿನ ಪದ್ಮಶ್ರೀ ದೊರೆಯಿತು. ತುಳಸಿ ಗೌಡ ಅವರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿಯಲ್ಲಿ ನಿಧನರಾದರು. ಶಾಲೆಯ ಓದಿಲ್ಲದ ವ್ಯಕ್ತಿಯ ಸಸ್ಯಜ್ಞಾನಕ್ಕೆ ಹೆಸರುಸಹಿತ ಗೌರವ ಸಲ್ಲಬಹುದೆಂಬುದು ಹೀಗೆ ನಮ್ಮ ಕಾಲದಲ್ಲಿ ಸಾಬೀತಾಗಿದೆ. ಆದರೆ ಇಬ್ಬರೂ ಎರಡು ತಿಂಗಳ ಅಂತರದಲ್ಲಿ ಅಗಲಿದುದು ಈ ಜ್ಞಾನಕ್ಕಿರುವ ಕಾಲಾವಧಿ ಎಷ್ಟು ಚಿಕ್ಕದೆಂಬುದನ್ನೂ ತೋರಿಸುತ್ತದೆ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಉತ್ತರ ಕನ್ನಡದಲ್ಲಿ ಹವ್ಯಾಸವಾಗಿ ಆರಂಭವಾದ ಚಿಟ್ಟೆ ಸಂಗ್ರಹವು ಮರಿಹುಳು ಮತ್ತು ಆಹಾರಸಸ್ಯಗಳತ್ತ ತಿರುಗಿದುದರಿಂದಲೇ ಶಾಶ್ವತ ಮೌಲ್ಯವನ್ನು ಪಡೆಯಿತು. ಎರಡನೆಯದಾಗಿ, ಆ ತಿರುವು ಜನಪದರ ಜ್ಞಾನ ನೆಲೆಸಿರುವ ತಾಣದತ್ತ, ಅಂದರೆ ಹುಳು ಮತ್ತು ಎಲೆಯ ಸಂಬಂಧದತ್ತ ಇಟ್ಟ ಹೆಜ್ಜೆಯಾಗಿತ್ತು. ಆದರೆ ಆ ಜ್ಞಾನದ ವಾರಸುದಾರರು ದಾಖಲೆಯ ಹೊರಗೆ ಉಳಿದರು. ಮೂರನೆಯದಾಗಿ, ಕನ್ನಡದಲ್ಲಿ ಚಿಟ್ಟೆಗಳ ನಾಮಕರಣ ಮತ್ತು ಜೀವವೈವಿಧ್ಯ ದಾಖಲಾತಿಗಳು ನಡೆಯುತ್ತಿರುವ ಇಂದು ಆ ಲೋಪವನ್ನು ಸರಿಪಡಿಸುವ ಅವಕಾಶ ಒದಗಿದೆ.

ಇದಕ್ಕಾಗಿ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಮತ್ತು ಅಕಾಡೆಮಿಗಳು ಪ್ರತಿ ತಾಲೂಕಿನಲ್ಲಿ ಹುಳು, ಚಿಟ್ಟೆ, ಗಿಡಗಳ ಹೆಸರುಗಳನ್ನು, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರಿನ ಸಮೇತ, ಸಂಗ್ರಹಿಸುವ ಯೋಜನೆಯೊಂದನ್ನು ಕೈಗೊಳ್ಳುವುದು ಅವಶ್ಯಕ. ಕೀಟಶಾಸ್ತ್ರದ ಹವ್ಯಾಸಿಗಳೊಡನೆ ಸೇರಿ ಮಾಡಿದಲ್ಲಿ ಹೆಸರಿನ ಜೊತೆಗೆ ಗುರುತೂ ಖಚಿತವಾಗುತ್ತದೆ. ಸಂಗ್ರಹದ ಚೀಟಿಯಲ್ಲಿ ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರುಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಗಿಡವನ್ನು ತೋರಿಸಿದವರು ಯಾರು ಎಂಬುದು ಆ ಸಾಲಿನಲ್ಲಿ ಬರಬೇಕು.